ಕದ್ದವನಿಗೂ ಬೀಗದ ಕೈ ಜೋಪಾನ ಮಾಡಲಾಗಲಿಲ್ಲ: ಬಿಟ್‌ಫಿನೆಕ್ಸ್ ಪ್ರಕರಣ

2022ರ ಫೆಬ್ರವರಿ 1ರಂದು, ಐದೂವರೆ ವರ್ಷ ಅಲುಗಾಡದೆ ಕೂತಿದ್ದ ಬಿಟ್‌ಕಾಯಿನ್‌ಗಳು ಒಮ್ಮೆಲೇ ಕದಲಿದವು. ಒಂದೆರಡಲ್ಲ, 94 ಸಾವಿರಕ್ಕೂ ಜಾಸ್ತಿ. ಬ್ಲಾಕ್‌ಚೈನ್ ಮೇಲೆ, ಅಂದರೆ ಬಿಟ್‌ಕಾಯಿನ್ ವ್ಯವಹಾರಗಳೆಲ್ಲ ದಾಖಲಾಗುವ ಬಹಿರಂಗ ಲೆಕ್ಕದ ಪುಸ್ತಕದ ಮೇಲೆ, ಕಣ್ಣಿಟ್ಟವರಿಗೆ ಅವು ಕೂತಿದ್ದ ವಿಳಾಸಗಳು (ಖಾತೆ ಸಂಖ್ಯೆಯಂಥವು) ಚೆನ್ನಾಗಿ ಗೊತ್ತಿದ್ದವು. 2016ರ ಆಗಸ್ಟ್‌ನಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ, ಅಂದರೆ ಜನ ಕ್ರಿಪ್ಟೊ ಕೊಂಡು ಮಾರುವ ಕಂಪನಿಯಿಂದ, ಕಳುವಾದ ಮಾಲು ಅದು. ಇಷ್ಟು ವರ್ಷ ಸುಮ್ಮನಿದ್ದ ಕಳ್ಳ ಈಗ ಎದ್ದನೇ?

ಎದ್ದಿದ್ದು ಕಳ್ಳನಲ್ಲ. ಒಂದು ವಾರದ ನಂತರ, ಫೆಬ್ರವರಿ 8ರಂದು, ಅಮೆರಿಕದ ನ್ಯಾಯ ಇಲಾಖೆ ವಿಷಯ ಬಿಚ್ಚಿಟ್ಟಿತು. ಆ ಕಾಯಿನ್‌ಗಳನ್ನು ಸಾಗಿಸಿದ್ದು ಸರ್ಕಾರವೇ. ಅಷ್ಟಕ್ಕೂ ಬೇಕಾದ ಪ್ರೈವೇಟ್ ಕೀಗಳು ಆರೋಪಿಯ ಕ್ಲೌಡ್ ಖಾತೆಯಲ್ಲಿ, ಒಂದೇ ಒಂದು ಫೈಲ್‌ನಲ್ಲಿ ಸಿಕ್ಕಿದ್ದವು.

ಕ್ರಿಪ್ಟೊ ಕಳವಿನ ಕಥೆಗಳಿಗೆ ಬರವಿಲ್ಲ. ನನಗೆ ಇದೇ ಯಾಕೆ ಮುಖ್ಯ ಅಂದರೆ, ಇಲ್ಲಿ ಒಂದೇ ಹಣ ಎರಡು ಸಲ ಕೈತಪ್ಪಿದೆ. ಮೊದಲು ಕಂಪನಿಯ ಕೈಯಿಂದ, ಆಮೇಲೆ ಕದ್ದವನ ಕೈಯಿಂದ. ಎರಡು ಸಲವೂ ಯಾರೂ ಬೀಗ ಒಡೆಯಲಿಲ್ಲ. ಬೀಗದ ಕೈ ಎಲ್ಲಿದೆ ಅಂತ ಪತ್ತೆ ಮಾಡಿದರು, ಅಷ್ಟೆ.

ಕೀ ಅಂದರೆ ಏನು, ಎರಡೇ ಮಾತು

ಬಿಟ್‌ಕಾಯಿನ್‌ನಲ್ಲಿ ಪ್ರೈವೇಟ್ ಕೀ ಅಂದರೆ 256 ಬಿಟ್‌ನ ಒಂದು ಸಂಖ್ಯೆ. ಆ ಸಂಖ್ಯೆ ಗೊತ್ತಿದ್ದವರು ಸಹಿ ಹಾಕಬಹುದು, ಸಹಿ ಸರಿಯಿದ್ದರೆ ಹಣ ಹೋಗುತ್ತದೆ. ಹೆಸರು ಕೇಳುವವರಿಲ್ಲ, ಗುರುತಿನ ಚೀಟಿ ಕೇಳುವವರಿಲ್ಲ, ದೂರು ಕೊಟ್ಟು ವಾಪಸ್ ತರಿಸಲು ಕೌಂಟರ್ ಇಲ್ಲ. ಕಾಯಿನ್ ಇರುವುದು ನಿಮ್ಮ ಫೋನಿನಲ್ಲಿ ಅಲ್ಲ, ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ. ವಾಲೆಟ್ ಒಳಗೆ ಇರುವುದು ಕೀ ಮಾತ್ರ. ಈಗಿನ ವಾಲೆಟ್‌ಗಳು ಕೊಡುವ 12 ಅಥವಾ 24 ಪದಗಳ ಸೀಡ್ ಫ್ರೇಸ್ ಕೂಡ ಅದೇ. 2,048 ಪದಗಳ ಒಂದು ಪಟ್ಟಿಯಿಂದ ಆರಿಸಿದ ಆ ಪದಗಳಿಂದಲೇ ಎಲ್ಲ ಕೀಗಳೂ ಹುಟ್ಟುತ್ತವೆ. ಅದರ ಫೋಟೊ ತೆಗೆದರೆ ಹಣದ ಫೋಟೊ ತೆಗೆದ ಹಾಗಲ್ಲ. ಆ ಫೋಟೊನೇ ಹಣ.

ಮೂರು ಕೀ, ಒಂದೇ ಗೊಂಚಲು

ಬಿಟ್‌ಫಿನೆಕ್ಸ್ ಆಗ ಹಾಂಗ್‌ಕಾಂಗ್‌ನಿಂದ ನಡೆಯುತ್ತಿದ್ದ ದೊಡ್ಡ ಎಕ್ಸ್‌ಚೇಂಜ್. 2015ರ ಮೇ ತಿಂಗಳಲ್ಲಿ ಅದರ ಹಾಟ್ ವಾಲೆಟ್, ಅಂದರೆ ಸದಾ ಇಂಟರ್ನೆಟ್‌ಗೆ ಅಂಟಿಕೊಂಡೇ ಇರುವ ವಾಲೆಟ್, ಒಮ್ಮೆ ಹ್ಯಾಕ್ ಆಗಿ ಸುಮಾರು 1,500 ಬಿಟ್‌ಕಾಯಿನ್ ಹೋಗಿದ್ದವು. ಅದಾದ ಮೇಲೆ ಕಂಪನಿ ಬಿಟ್‌ಗೋ ಎಂಬ ಭದ್ರತಾ ಕಂಪನಿಯ ಜೊತೆ ಸೇರಿ ಹೊಸ ವ್ಯವಸ್ಥೆ ಮಾಡಿಕೊಂಡಿತು. ಗ್ರಾಹಕರ ಹಣವನ್ನೆಲ್ಲ ಒಂದೇ ರಾಶಿಯಲ್ಲಿ ಇಡುವ ಬದಲು ಬೇರೆ ಬೇರೆ ವಿಳಾಸಗಳಲ್ಲಿ ಇಡುವುದು. ಪ್ರತಿಯೊಂದಕ್ಕೂ ಮೂರು ಕೀ. ಮೂರರಲ್ಲಿ ಯಾವ ಎರಡು ಸಹಿ ಬಿದ್ದರೂ ಹಣ ಆಚೆ ಹೋಗುತ್ತದೆ, ಒಂದೇ ಬಿದ್ದರೆ ಹೋಗುವುದಿಲ್ಲ. ಇದನ್ನೇ ಮಲ್ಟಿಸಿಗ್ ಅನ್ನುವುದು. ಒಂದು ಕೀ ಬಿಟ್‌ಗೋ ಬಳಿ, ಉಳಿದ ಎರಡು ಬಿಟ್‌ಫಿನೆಕ್ಸ್ ಬಳಿ.

ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ಈಗಲೂ ದೊಡ್ಡ ಮೊತ್ತಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತಲೇ ನನ್ನ ಅಭಿಪ್ರಾಯ.

2016ರ ಆಗಸ್ಟ್ 2. ಎರಡು ಸಾವಿರಕ್ಕೂ ಹೆಚ್ಚು ವ್ಯವಹಾರಗಳು ಒಂದರ ಹಿಂದೆ ಒಂದು ಹೊರಟವು. ಒಟ್ಟು 1,19,754 ಬಿಟ್‌ಕಾಯಿನ್. ಆಗಿನ ಬೆಲೆಯಲ್ಲಿ ಸುಮಾರು 7.1 ಕೋಟಿ ಡಾಲರ್. ಎಲ್ಲಕ್ಕೂ ಸರಿಯಾದ ಸಹಿ ಇತ್ತು. ಅಂದರೆ ನೆಟ್‌ವರ್ಕ್‌ನ ಕಣ್ಣಿಗೆ ಅದು ಕಳವೇ ಅಲ್ಲ, ಮಾಲೀಕನೇ ಕಳಿಸಿದ ಹಣ. ಒಳಹೊಕ್ಕವನು ಹೋಗುವಾಗ ತನ್ನ ಹೆಜ್ಜೆ ಗುರುತು ಸಿಗದಂತೆ ಲಾಗ್ ಫೈಲ್‌ಗಳನ್ನೂ ಅಳಿಸಿ ಹೋಗಿದ್ದ. ಸುದ್ದಿ ಹರಡಿದ ಮೇಲೆ ಬಿಟ್‌ಕಾಯಿನ್ ಬೆಲೆಯೇ ಸುಮಾರು ಐದನೇ ಒಂದು ಭಾಗ ಕುಸಿಯಿತು.

ಎರಡು ಸಹಿ ಬೇಕಿತ್ತಲ್ಲ, ಎರಡನೆಯದು ಬಂದಿದ್ದು ಎಲ್ಲಿಂದ? ಬಿಟ್‌ಗೋ ತನ್ನ ಸರ್ವರ್‌ಗಳಿಗೆ ಯಾರೂ ನುಗ್ಗಿಲ್ಲ ಎಂದಿತು. ಅದನ್ನು ಸುಳ್ಳು ಅನ್ನಬೇಕಾಗಿಲ್ಲ. ಸಹಿ ಹಾಕುವ ಸರ್ವರ್‌ಗೆ ಕಣ್ಣಿಲ್ಲ. ನಿಯಮದ ಪ್ರಕಾರ ಕೋರಿಕೆ ಬಂದರೆ ಅದು ಸಹಿ ಹಾಕುತ್ತದೆ. ಕೋರಿಕೆ ಕಳಿಸಿದವನು ಗುಮಾಸ್ತನೋ ಕಳ್ಳನೋ, ಅದಕ್ಕೆ ಎರಡೂ ಒಂದೇ. ಇನ್ನು 2023ರಲ್ಲಿ ಒಸಿಸಿಆರ್‌ಪಿ ಎಂಬ ಪತ್ರಕರ್ತರ ಸಂಸ್ಥೆ ಒಂದು ಹಳೆಯ ಗೋಪ್ಯ ತನಿಖಾ ವರದಿಯನ್ನು ಹೊರಹಾಕಿತು. ಮೂರು ಕೀಗಳಲ್ಲಿ ಎರಡನ್ನು ಕಂಪನಿ ಒಂದೇ ಸಾಧನದಲ್ಲಿ ಇಟ್ಟಿತ್ತು ಎಂದು ಅದರಲ್ಲಿತ್ತು. ಬಿಟ್‌ಫಿನೆಕ್ಸ್ ಇದನ್ನು ಒಪ್ಪಲಿಲ್ಲ. ಆ ವರದಿ ಅಪೂರ್ಣ, ತಪ್ಪು ಎಂದಿತು.

ಆ ಜಗಳ ಹಾಗಿರಲಿ. ಮೂರಕ್ಕೆ ಎರಡು ಅನ್ನುವ ಲೆಕ್ಕದಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳದೆ ಉಳಿದುಬಿಡುತ್ತದೆ: ಆ ಕೀಗಳು ಒಂದಕ್ಕೊಂದು ಸಂಬಂಧ ಇಲ್ಲದ ಜಾಗದಲ್ಲಿರಬೇಕು. ಒಂದೇ ಕಂಪ್ಯೂಟರ್ ಕೈಗೆ ಸಿಕ್ಕರೆ ಎರಡೂ ಸಿಗುವುದಾದರೆ, ಅಥವಾ ಒಂದು ಸಿಕ್ಕವನು ಇನ್ನೊಂದರಿಂದ ತಾನಾಗಿ ಸಹಿ ಹಾಕಿಸಬಹುದಾದರೆ, ಬೀಗ ಮೂರಿದ್ದರೂ ಒಂದೇ. ಎಲ್ಲ ಕೈಗಳೂ ಒಂದೇ ಗೊಂಚಲಿನಲ್ಲಿ ನೇತಾಡುತ್ತಿವೆ. ಗ್ರಾಹಕರ ಹಣ ಬೇರೆ ಬೇರೆ ವಿಳಾಸದಲ್ಲಿದೆ ಅನ್ನುವ ಸಮಾಧಾನವೂ ಅಷ್ಟೇ. ಸಾವಿರ ಪೆಟ್ಟಿಗೆ ಮಾಡಿದರು, ಸರಿ. ಅವೆಲ್ಲ ತೆರೆಯುವುದು ಒಂದೇ ಕೋಣೆಯಿಂದ.

ನಷ್ಟ ಯಾರ ತಲೆಗೆ ಬಂತು ಅಂದರೆ, ಎಲ್ಲರ ತಲೆಗೆ. ಕಂಪನಿ ಪ್ರತಿಯೊಂದು ಖಾತೆಯಿಂದಲೂ 36.067 ಶೇಕಡಾ ಕತ್ತರಿಸಿತು. ಬಿಟ್‌ಕಾಯಿನ್ ಇಟ್ಟಿರದವರಿಗೂ ಬಿಡಲಿಲ್ಲ. ಬದಲಿಗೆ, ಕಳೆದ ಪ್ರತಿ ಡಾಲರ್‌ಗೆ ಒಂದರಂತೆ ಬಿಎಫ್‌ಎಕ್ಸ್ ಎಂಬ ಟೋಕನ್ ಕೊಟ್ಟಿತು. 2017ರ ಏಪ್ರಿಲ್ ಹೊತ್ತಿಗೆ ಆ ಟೋಕನ್‌ಗಳನ್ನೆಲ್ಲ ತೀರಿಸಿತು ಅನ್ನುವುದು ನಿಜ. ಆದರೆ ಅಷ್ಟರೊಳಗೆ ಹೆದರಿ ಒಂದು ಡಾಲರ್‌ಗಿಂತ ಕಡಿಮೆಗೆ ಮಾರಿಕೊಂಡವರ ಪಾಡು ಬೇರೆ. ಎಕ್ಸ್‌ಚೇಂಜ್‌ನಲ್ಲಿ ಕಾಣುವ ಬ್ಯಾಲೆನ್ಸ್ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಾನು ಕಂಡಿಲ್ಲ. ಅದು ಕಾಯಿನ್ ಅಲ್ಲ. ಕೊಡುತ್ತೇನೆ ಅಂತ ಬರೆದುಕೊಟ್ಟ ಚೀಟಿ.

ಕದ್ದ ಮೇಲೆ

ಕದ್ದಷ್ಟು ಸುಲಭ ಅಲ್ಲ ಖರ್ಚು ಮಾಡುವುದು. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದೇ ಇದೆ, ಕದ್ದ ವಿಳಾಸಗಳ ಮೇಲೆ ಎಲ್ಲರ ಕಣ್ಣಿದೆ. ಐದು ವರ್ಷದಲ್ಲಿ ಸುಮಾರು 25 ಸಾವಿರ ಕಾಯಿನ್ ಮಾತ್ರ ಆ ವಾಲೆಟ್‌ನಿಂದ ಹೊರಬಂದವು. ಸಾವಿರಾರು ಸಣ್ಣ ಸಣ್ಣ ವ್ಯವಹಾರ, ಸುಳ್ಳು ಹೆಸರಿನ ಖಾತೆಗಳು, ಒಂದು ಕ್ರಿಪ್ಟೊದಿಂದ ಇನ್ನೊಂದಕ್ಕೆ ಜಿಗಿತ, ಆಲ್ಫಾಬೇ ಎಂಬ ಡಾರ್ಕ್‌ನೆಟ್ (ಇಂಟರ್ನೆಟ್‌ನ ಗುಪ್ತ ಮೂಲೆಯ) ಸಂತೆಯ ಮೂಲಕ ಸುತ್ತು. ಆ ಸಂತೆಯನ್ನೇ ಪೊಲೀಸರು 2017ರ ಜುಲೈಯಲ್ಲಿ ಮುಚ್ಚಿಸಿದರು. ಸ್ವಲ್ಪ ಹಣ ಚಿನ್ನದ ನಾಣ್ಯವಾಯಿತು, ನಾಣ್ಯಗಳು ನೆಲದಲ್ಲಿ ಹೂತವು. ಇಷ್ಟು ಹೊಸ ಕಾಲದ ಕಳವು ಕೊನೆಗೆ ಹಳೆಯ ಕಾಲದ ಹಾಗೆ ಮಣ್ಣು ಸೇರಿದ್ದು ನೋಡಿ ನನಗೆ ನಗು ಬಂತು.

ಜಾಡು ಹಿಡಿದು ಹೊರಟ ತನಿಖಾಧಿಕಾರಿಗಳು ನ್ಯೂಯಾರ್ಕ್‌ನ ಒಂದು ದಂಪತಿಯ ಬಾಗಿಲಿಗೆ ಬಂದರು. ಇಲ್ಯಾ ಲಿಕ್ಟನ್‌ಸ್ಟೈನ್ ಮತ್ತು ಹೆದರ್ ಮಾರ್ಗನ್. 2022ರ ಜನವರಿ 5ರಂದು ಮನೆ ಶೋಧ. 40 ಸಾವಿರ ಡಾಲರ್‌ಗೂ ಹೆಚ್ಚು ನಗದು. ಬಳಸಿ ಬಿಸಾಡುವ ಫೋನ್ ಅಂತ ಚೀಟಿ ಅಂಟಿಸಿದ ಚೀಲ, ಒಳಗೆ ಹಲವು ಫೋನ್. ಹಾಳೆಗಳ ನಡುವೆ ಕೊರೆದು ಗುಪ್ತ ಜಾಗ ಮಾಡಿದ ಪುಸ್ತಕಗಳು. ಅವು ಖಾಲಿ ಇದ್ದವು. ಮಾಧ್ಯಮಗಳು ಮಾರ್ಗನ್‌ಳ ರ‍್ಯಾಪ್ ವಿಡಿಯೊಗಳ ಹಿಂದೆ ಬಿದ್ದವು. ನಮಗೆ ಬೇಕಾಗಿದ್ದು ಅದಲ್ಲ.

ಆ ಫೈಲ್

ಲಿಕ್ಟನ್‌ಸ್ಟೈನ್‌ನ ಕ್ಲೌಡ್ ಖಾತೆಯನ್ನು ಅಧಿಕಾರಿಗಳು ವಾರಂಟ್ ಪಡೆದು ತೆರೆಸಿದ್ದರು. ಅದರೊಳಗಿನ ಕೆಲವು ಫೈಲ್‌ಗಳಿಗೆ ಎನ್‌ಕ್ರಿಪ್ಶನ್ ಇತ್ತು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲು ಬಾರದ ಗೂಢಲಿಪಿ. ಜನವರಿ 31ರ ಹೊತ್ತಿಗೆ ಒಂದು ಮುಖ್ಯ ಫೈಲ್ ಬಿಚ್ಚಿಕೊಂಡಿತು. 2,000 ವಿಳಾಸಗಳು, ಪ್ರತಿಯೊಂದರ ಪಕ್ಕದಲ್ಲಿ ಅದರ ಪ್ರೈವೇಟ್ ಕೀ. ಅದೇ ಖಾತೆಯಲ್ಲಿ ಸುಳ್ಳು ಗುರುತುಗಳ ದಾಖಲೆ ಇಟ್ಟ ಫೋಲ್ಡರ್ ಒಂದು, ಪಾಸ್‌ಪೋರ್ಟ್ ಹೊಂದಿಸಿಕೊಳ್ಳುವ ಯೋಚನೆಗಳ ಟಿಪ್ಪಣಿ ಒಂದು. ಎಲ್ಲ ಅಚ್ಚುಕಟ್ಟಾಗಿ ಹೆಸರಿಟ್ಟು ಜೋಡಿಸಿದ್ದ.

ವಶವಾದ ಕಾಯಿನ್‌ಗಳ ಬೆಲೆ ಆಗ ಸುಮಾರು 360 ಕೋಟಿ ಡಾಲರ್. 2023ರ ಆಗಸ್ಟ್‌ನಲ್ಲಿ ಲಿಕ್ಟನ್‌ಸ್ಟೈನ್ ಹಣ ಅಕ್ರಮವಾಗಿ ಸಾಗಿಸಿದ ತಪ್ಪು ಒಪ್ಪಿಕೊಂಡ. ಒಳನುಗ್ಗಿದ ಹ್ಯಾಕರ್ ತಾನೇ ಅಂತಲೂ ಹೇಳಿದ. 2024ರ ನವೆಂಬರ್‌ನಲ್ಲಿ ಅವನಿಗೆ ಐದು ವರ್ಷ, ಮಾರ್ಗನ್‌ಗೆ 18 ತಿಂಗಳು ಶಿಕ್ಷೆ ಆಯಿತು.

ಅವನನ್ನು ದಡ್ಡ ಅಂದು ಮುಂದೆ ಹೋಗುವುದು ಸುಲಭ. ದೊಡ್ಡ ಎಕ್ಸ್‌ಚೇಂಜ್ ಒಳಗೆ ನುಗ್ಗಿ ಐದು ವರ್ಷ ತಪ್ಪಿಸಿಕೊಂಡವನು ದಡ್ಡ ಅಲ್ಲ. ಫೈಲ್‌ಗೆ ಎನ್‌ಕ್ರಿಪ್ಶನ್ ಹಾಕಿದ್ದ. ನಮ್ಮಲ್ಲಿ ಎಷ್ಟು ಜನ ಅಷ್ಟಾದರೂ ಮಾಡುತ್ತೇವೆ? ಅವನ ತಪ್ಪು ಜಾಗದ್ದು. ಕ್ಲೌಡ್‌ನಲ್ಲಿ ಇಟ್ಟ ಫೈಲ್‌ನ ಪ್ರತಿಯನ್ನು ನಿಮಗೆ ಗೊತ್ತಾಗದ ಹಾಗೆ ಇನ್ನೊಬ್ಬರು ತೆಗೆದುಕೊಳ್ಳಬಹುದು. ಅವನ ವಿಷಯದಲ್ಲಿ ವಾರಂಟ್ ಹಿಡಿದು ಬಂದವರು ಪೊಲೀಸರು. ನಮ್ಮ ವಿಷಯದಲ್ಲಿ ಪಾಸ್‌ವರ್ಡ್ ಕದ್ದ ಯಾರೋ. ಪ್ರತಿ ಒಮ್ಮೆ ಕೈಗೆ ಬಂದರೆ ಆಮೇಲೆ ಅವಸರವಿಲ್ಲ. ಹತ್ತು ಸಲ ತಪ್ಪಾದರೆ ಬಾಗಿಲು ಮುಚ್ಚುವ ಯಂತ್ರ ಅಲ್ಲಿಲ್ಲ. ಸಾವಿರ ಸಲ, ಕೋಟಿ ಸಲ, ವರ್ಷಗಟ್ಟಲೆ ಪ್ರಯತ್ನಿಸಬಹುದು. ಇವತ್ತಿನ ನಿಮ್ಮ ಪಾಸ್‌ವರ್ಡ್ ಐದು ವರ್ಷದ ನಂತರದ ಕಂಪ್ಯೂಟರ್ ಎದುರು ನಿಲ್ಲಬೇಕು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಕಾಯುವ ಸೇವೆಯಿಂದ ಗ್ರಾಹಕರ ತಿಜೋರಿಗಳ ಎನ್‌ಕ್ರಿಪ್ಟ್ ಆದ ಪ್ರತಿಗಳೇ ಕಳುವಾದವು. ಅದರಲ್ಲಿ ಸೀಡ್ ಫ್ರೇಸ್ ಬರೆದಿಟ್ಟು ಪಾಸ್‌ವರ್ಡ್ ಸಡಿಲ ಇಟ್ಟಿದ್ದವರ ಸ್ಥಿತಿಯೂ ಇದೇ ಅಲ್ವಾ?

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡಿತು. ಮನೆ ಶೋಧ ನಡೆದದ್ದು ಜನವರಿ 5ಕ್ಕೆ. ಕಾಯಿನ್ ಕದಲಿದ್ದು ಫೆಬ್ರವರಿ 1ಕ್ಕೆ. ನಡುವೆ ಸುಮಾರು ನಾಲ್ಕು ವಾರ. ಕೀಗಳ ಪ್ರತಿ ಎರಡು ಕಡೆ ಇದ್ದಾಗ ಹಣ ಯಾರದು? ಮೊದಲು ಕದಲಿಸಿದವರದ್ದು. ಲಿಕ್ಟನ್‌ಸ್ಟೈನ್ ಕದಲಿಸಿದ್ದರೆ ಅದೇ ಅವನ ವಿರುದ್ಧ ಸಾಕ್ಷಿ ಆಗುತ್ತಿತ್ತು. ನಿಮಗೂ ನನಗೂ ಆ ತೊಡಕಿಲ್ಲ. ಕೀ ಯಾರದೋ ಕಣ್ಣಿಗೆ ಬಿದ್ದಿರಬಹುದು ಅನ್ನಿಸಿದ ಕ್ಷಣ ಹೊಸ ಕೀ ಮಾಡಿ ಹಣ ಅಲ್ಲಿಗೆ ಸಾಗಿಸಬೇಕು. ಪಾಸ್‌ವರ್ಡ್ ಬದಲಿಸಿದ ಹಾಗೆ ಕೀಯನ್ನು ಬದಲಿಸಲು ಬರುವುದಿಲ್ಲ. ಹಳೆಯ ಕೀ ಬದುಕಿರುವ ತನಕ ಹಳೆಯ ವಿಳಾಸ ತೆರೆಯುತ್ತಲೇ ಇರುತ್ತದೆ.

ಹಾಗಂತ ಪ್ರತಿಯೇ ಇಡದಿದ್ದರೆ?

ಇದನ್ನು ಓದಿ ಎಲ್ಲ ಪ್ರತಿಗಳನ್ನೂ ಸುಟ್ಟುಬಿಡೋಣ ಅನ್ನಿಸಿದರೆ ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್‌ನನ್ನು ನೆನಪಿಸಿಕೊಳ್ಳಿ. ಅವರ 7,002 ಬಿಟ್‌ಕಾಯಿನ್‌ಗಳ ಕೀ ಐರನ್‌ಕೀ ಎಂಬ ಭದ್ರವಾದ ಡ್ರೈವ್‌ನಲ್ಲಿತ್ತು. ಪಾಸ್‌ವರ್ಡ್ ಬರೆದ ಕಾಗದ ಕಳೆದುಹೋಯಿತು. ಹತ್ತು ಸಲ ತಪ್ಪಿದರೆ ಡ್ರೈವ್ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಎಂಟು ಅವಕಾಶ ಮುಗಿದಿದ್ದವು. ಕಳ್ಳನನ್ನು ಹೊರಗಿಡುವ ಬಾಗಿಲು ಮಾಲೀಕನನ್ನೂ ಹೊರಗಿಟ್ಟಿತು.

ಹೀಗಾಗಿ ಶತ್ರು ಇಬ್ಬರು: ಕಳ್ಳ ಮತ್ತು ಮರೆವು. ಒಂದು ಪ್ರತಿ ಹೆಚ್ಚಿಸಿದರೆ ಮರೆವಿನಿಂದ ಬಚಾವ್, ಕಳ್ಳನಿಗೆ ಒಂದು ದಾರಿ ಜಾಸ್ತಿ. ಕಡಿಮೆ ಮಾಡಿದರೆ ಉಲ್ಟಾ. ನನ್ನ ಲೆಕ್ಕದಲ್ಲಿ ಸಣ್ಣ ಮೊತ್ತದ ಮಾಲೀಕನಿಗೆ ಮರೆವೇ ದೊಡ್ಡ ಶತ್ರು. ಸಿನಿಮಾದಲ್ಲಿ ಬರುವಂಥ ಹ್ಯಾಕರ್‌ಗೆ ಹೆದರಿ ಪದಗಳನ್ನು ನಾಲ್ಕು ತುಂಡು ಮಾಡಿ ನಾಲ್ಕು ಕಡೆ ಬಚ್ಚಿಟ್ಟು, ಮೂರು ವರ್ಷದ ನಂತರ ಎರಡನೇ ತುಂಡು ಎಲ್ಲಿ ಅಂತ ತಡಕಾಡುವುದು ಬೇಡ.

ನಾನು ಒಪ್ಪುವ ವ್ಯವಸ್ಥೆ ಸಾದಾ. ದಿನಬಳಕೆಗೆ ಸ್ವಲ್ಪ ಫೋನ್ ವಾಲೆಟ್‌ನಲ್ಲಿ, ಹೋದರೂ ನಿದ್ದೆ ಕೆಡದಷ್ಟು. ಉಳಿದದ್ದು ಹಾರ್ಡ್‌ವೇರ್ ವಾಲೆಟ್‌ನಲ್ಲಿ. ಅದರ ಗುಣ ಏನೆಂದರೆ ಸಹಿ ಸಾಧನದೊಳಗೇ ಆಗುತ್ತದೆ, ಕೀ ಕಂಪ್ಯೂಟರ್‌ಗೆ ಇಳಿಯುವುದಿಲ್ಲ. ಸೀಡ್ ಪದಗಳು ಕೈಬರಹದಲ್ಲಿ, ಕಾಗದದ ಮೇಲೆ. ಬೆಂಕಿ, ನೀರಿನ ಭಯ ಇದ್ದರೆ ಲೋಹದ ತಗಡಿನ ಮೇಲೆ. ಎರಡು ಪ್ರತಿ, ಎರಡು ಬೇರೆ ಕಟ್ಟಡ. ಕ್ಯಾಮೆರಾ ಇಲ್ಲ, ಪ್ರಿಂಟರ್ ಇಲ್ಲ, ಇಮೇಲ್ ಡ್ರಾಫ್ಟ್ ಇಲ್ಲ. ಪದಗಳ ಜೊತೆಗೆ ನೀವೇ ಸೇರಿಸುವ ಒಂದು ಪಾಸ್‌ಫ್ರೇಸ್ ಇಡಬಹುದು. ಆಗ ಕಾಗದ ಯಾರಿಗೋ ಸಿಕ್ಕರೂ ಹಣ ಸಿಗುವುದಿಲ್ಲ. ಆದರೆ ಅದನ್ನು ಮರೆತರೆ ನಿಮಗೂ ಸಿಗುವುದಿಲ್ಲ, ಅದಕ್ಕೂ ಒಂದು ಬರಹ ಬೇಕು, ಬೇರೆ ಜಾಗದಲ್ಲಿ.

ಮೊತ್ತ ನಿಜವಾಗಿಯೂ ದೊಡ್ಡದಾದರೆ ಮಲ್ಟಿಸಿಗ್. ಬಿಟ್‌ಫಿನೆಕ್ಸ್ ಮಾಡಿದ್ದೇ, ಆದರೆ ಅರ್ಥ ಉಳಿಸಿಕೊಂಡು. ಮೂರು ಕೀ, ಮೂರು ಸಾಧನ, ಮೂರು ಜಾಗ. ಎರಡನ್ನು ಒಂದೇ ಡ್ರಾಯರ್‌ನಲ್ಲಿ ಇಡುವ ಆಸೆ ಬಂದೇ ಬರುತ್ತದೆ, ಅನುಕೂಲ ನೋಡಿ. ಆ ಗೋಪ್ಯ ವರದಿ ನಿಜವಾದರೆ, ಅದೇ ಡ್ರಾಯರ್ 2016ರಲ್ಲಿ ಎಕ್ಸ್‌ಚೇಂಜ್‌ನ ಒಳಗಿತ್ತು.

ಹಣ ಹಾಕುವ ಮೊದಲೇ ಒಂದು ತಾಲೀಮು ಮಾಡಬೇಕು. ಚೂರು ಹಣ ಕಳಿಸಿ, ಸಾಧನವನ್ನು ಪೂರ್ತಿ ಅಳಿಸಿ, ಕಾಗದದಲ್ಲಿರುವ ಪದಗಳಿಂದಲೇ ವಾಪಸ್ ತನ್ನಿ. ಅರ್ಧ ಗಂಟೆಯ ಕೆಲಸ. ಕೈಬರಹದ ಒಂದು ತಪ್ಪು ಅಕ್ಷರ ಆಗಲೇ ಸಿಕ್ಕಿಬೀಳುತ್ತದೆ. ಹಾಗೆಯೇ ನೀವಿಲ್ಲದಾಗ ತೆರೆಯಬೇಕಾದವರಿಗೆ ಒಂದು ಪತ್ರ ಬರೆದಿಡಿ. ಏನೇನು ಎಲ್ಲಿದೆ ಅಂತ ಮಾತ್ರ. ಪದಗಳನ್ನು ಅದರಲ್ಲಿ ಬರೆಯಬೇಡಿ.

ಕೀ ಭದ್ರವಾಗಿದ್ದರೂ ಸಹಿ ತಪ್ಪು ಕಾಗದಕ್ಕೆ ಬೀಳಬಹುದು, ಅದು ಇನ್ನೊಂದು ಪ್ರಕರಣ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್‌ನ ಈಥರ್ ಎಂಬ ಕ್ರಿಪ್ಟೊ ಹೋದದ್ದು ಹಾಗೆ. ಸಹಿ ಹಾಕುವವರಿಗೆ ಪರದೆ ತೋರಿಸಿದ್ದು ಒಂದು, ಅವರು ಸಹಿ ಹಾಕಿದ್ದು ಇನ್ನೊಂದಕ್ಕೆ. ಕಂಪ್ಯೂಟರ್‌ನ ಪರದೆ ನಂಬದೆ ಸಾಧನದ ಪುಟ್ಟ ಪರದೆಯಲ್ಲಿ ವಿಳಾಸ ಪೂರ್ತಿ ಓದಿ ಅಂತ ಹೇಳುವುದು ಇದಕ್ಕೇ.

ಲಿಕ್ಟನ್‌ಸ್ಟೈನ್‌ನ ಫೈಲ್ ಬಗ್ಗೆ ಓದಿದ ರಾತ್ರಿ ಸುಮ್ನೆ ನನ್ನ ಕ್ಲೌಡ್ ಖಾತೆ ತೆರೆದು ಹುಡುಕಿದೆ. ಏನೂ ಸಿಗಲ್ಲ ಅನ್ನುವ ಧೈರ್ಯವಿತ್ತು. ಹಳೆಯ ಫೋಟೊಗಳ ನಡುವೆ ಒಂದು ಸ್ಕ್ರೀನ್‌ಶಾಟ್. ಹನ್ನೆರಡು ಪದಗಳು, ಸಂಖ್ಯೆ ಹಾಕಿ ಸಾಲಾಗಿ. ಯಾವಾಗಲೋ ಪ್ರಯೋಗಕ್ಕೆ ಅಂತ ಮಾಡಿದ ವಾಲೆಟ್. ಆಮೇಲೆ ಅದೇ ವಾಲೆಟ್‌ಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿದ್ದೆ. ಫೋನ್ ತಾನಾಗಿ ಆ ಚಿತ್ರವನ್ನು ಬ್ಯಾಕಪ್ ಮಾಡಿತ್ತು, ನಾನು ಬದಲಿಸಿದ ಪ್ರತಿ ಫೋನಿಗೂ ಅದು ಇಳಿದಿತ್ತು.

ಕೈ ಡಿಲೀಟ್ ಬಟನ್ ಮೇಲೆ ಹೋಯಿತು. ನಿಲ್ಲಿಸಿದೆ. ಮೊದಲು ಹೊಸ ವಾಲೆಟ್, ಹೊಸ ಪದಗಳು, ಪೆನ್ನು, ಕಾಗದ. ಒಂದು ಚೂರು ಕಳಿಸಿ ನೋಡಿದೆ. ಅಳಿಸಿ ವಾಪಸ್ ತಂದೆ. ಆಮೇಲೆ ಉಳಿದದ್ದೆಲ್ಲ. ಮುಗಿಯುವಾಗ ರಾತ್ರಿ ಎರಡು ಗಂಟೆ. ಸ್ಕ್ರೀನ್‌ಶಾಟ್ ಅಳಿಸಿದ್ದು ಮರುದಿನ, ಅದೂ ನೆನಪಾದಾಗ. ಅಷ್ಟು ಹೊತ್ತಿಗೆ ಅದು ತೆರೆಯುವ ವಿಳಾಸದಲ್ಲಿ ಏನೂ ಉಳಿದಿರಲಿಲ್ಲ.